ಕತ್ತಿನ ಮೂಳೆಯ ಸಾಕ್ಷಿ

ನನಗೆ ಮದುವೆಯಾಗಿತ್ತು ಎಂದು ರುಜುವಾತುಪಡಿಸಲು ಹನ್ನೆರಡು ಸಾಕ್ಷಿಗಳು ಬೇಕಿತ್ತು. ಮದುವೆ ಕಂಡವರಲ್ಲಿ ಸತ್ತವರು, ಊರು ಬಿಟ್ಟವರು ಹೋಗಿ ಹನ್ನೊಂದು ಜನ ಸಿಕ್ಕಿದ್ದರು. ಉಳಿದವನು ಹಳ್ಳದಾಚೆಯ ಬಾಸ್ಸು, ನನ್ನ ಗಂಡನ ದೊಡ್ಡಪ್ಪನ ಮಗ. ಹದಿನಾಲ್ಕು ವರ್ಷದಿಂದ ನಮ್ಮ ಮನೆ ಕಡೆ ತಲೆ ಹಾಕಿಯೂ ಮಲಗದವನು.

ನಮ್ಮ ಅಟ್ಲಾಸ್ ಬೆಟ್ಟದ ಮೇಲೆ ಆಗ ಮದುವೆಗೆ ಯಾರು ಕಾಗದ ಮಾಡಿಸುತ್ತಿದ್ದರು? ಇಮಾಮರು ಫಾತಿಹಾ ಓದಿದರು, ಊರು ಉಂಡಿತು, ನಾನು ಝಾಯಿದನ ಹೆಂಡತಿಯಾದೆ. ಅಲ್ಲಾಹುವಿಗೆ ಅಷ್ಟು ಸಾಕು. ಫ್ರೆಂಚರು ಬಿಟ್ಟುಹೋದ ದಫ್ತರಕ್ಕೆ ಸಾಲದು. ಅದರಲ್ಲಿ ನಾನು ಇನ್ನೂ ಕನ್ಯೆ. "ನಾಳೆ ಮಾಡ್ಸೋಣ ಬಿಡೇ ಯಮ್ನಾ" ಎನ್ನುತ್ತಲೇ ಇದ್ದ ಝಾಯಿದ, ಮೂರು ವರ್ಷದ ಹಿಂದೆ ದೇವದಾರು ದಿಮ್ಮಿಯ ಲಾರಿಯಿಂದ ಬಿದ್ದು ಹೋಗಿಬಿಟ್ಟ. ಈಗ ಮಗಳು ತೂದಳನ್ನು ಪಟ್ಟಣದ ಶಾಲೆಗೆ ಸೇರಿಸಬೇಕು. ಅದಕ್ಕೆ ಅಪ್ಪನ ಹೆಸರಿರುವ ಸರ್ಕಾರಿ ಕುಟುಂಬ ಪುಸ್ತಕ ಬೇಕು, ಪುಸ್ತಕಕ್ಕೆ ಮದುವೆಯ ರುಜುವಾತು ಬೇಕು. ಹಳೆಯ ಮದುವೆಗಳಿಗೆ ಸರ್ಕಾರ ಕೊಟ್ಟಿದ್ದ ಗಡುವು ಆ ಚಳಿಗಾಲಕ್ಕೆ ಮುಗಿಯುತ್ತಿತ್ತು.

ಮಗಳಿಗಾಗಿ ಹಠ ನುಂಗಿಕೊಂಡೆ. ರಾಜಿಗೆ ಹೋಗುವವರು ಒಯ್ಯುವಂತೆ ಒಂದು ಸಕ್ಕರೆ ಗಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಬಾಸ್ಸುವಿನ ಬಾಗಿಲಿಗೆ ಹೋದೆ.

"ಬಾವ, ನನ್ನ ಮದುವೆಗೆ ಬಂದಿದ್ರಲ್ಲ, ಕೋರ್ಟಲ್ಲಿ ಒಂದು ಮಾತು ಹೇಳ್ಬೇಕು."

"ಅದನ್ನ ಮದುವೆ ಅಂತಾರಾ? ಗಂಡಿನ ಅಣ್ಣ ನಾನು. ಕುರಿಯ ಭುಜದ ಮಾಂಸ ನನ್ನ ಮುಂದೆ ಬರ್ಬೇಕಿತ್ತು. ನಿಮ್ಮಪ್ಪ ಕತ್ತಿನ ಮೂಳೆ ಇಡಿಸ್ದ, ಊರಿಗೆ ಊರೇ ನೋಡ್ತಿತ್ತು!"

"ಅಪ್ಪ ಸತ್ತು ಹತ್ತು ವರ್ಷ ಆಯ್ತಲ್ಲ ಬಾವ."

"ಮೂಳೆ ಸತ್ತಿಲ್ಲ. ನನ್ನ ಪಾಲಿಗೆ ಆ ಮದುವೆ ನಡೆದೇ ಇಲ್ಲ. ನಡಿ, ನಡಿ."

ಬಾಗಿಲು ಹಾಕಿಕೊಂಡ. ಸಕ್ಕರೆಯನ್ನು ಮುಟ್ಟಲೂ ಇಲ್ಲ, ಮುಠ್ಠಾಳ.

ಕೋರ್ಟಿನ ದಿನ ಹನ್ನೊಂದು ಜನರನ್ನೇ ವ್ಯಾನಿಗೆ ತುಂಬಿಕೊಂಡು ಹೊರಟೆ. ಎಲ್ಲಿ ಎಡವಟ್ಟಾಗುತ್ತದೋ ಎಂದು ದಾರಿಯಲ್ಲಿ ಪಾಪದವರೆಲ್ಲ ಸೇರಿ ಒಂದೇ ಮಾತನ್ನು ಬಾಯಿಪಾಠ ಮಾಡಿದರು. ನಾನಾದರೂ ತಡೆಯಬಾರದಿತ್ತೇ? ತಡೆಯಲಿಲ್ಲ.

ನ್ಯಾಯಾಧೀಶೆ ಕನ್ನಡಕದ ಹುಡುಗಿ, ನನಗಿಂತ ಚಿಕ್ಕವಳು. ಮೊದಲನೆಯವನು ಹೇಳಿದ: "ಮದುವೆ ಗುರುವಾರ ನಡೀತು, ಎಲ್ಲಾ ಚೆನ್ನಾಗಿತ್ತು, ಅಲ್ಲಾಹು ಒಳ್ಳೇದು ಮಾಡ್ಲಿ." ಎರಡನೆಯವನೂ ಅದನ್ನೇ ಹೇಳಿದ. ಐದನೆಯವನ ಹೊತ್ತಿಗೆ ಆಕೆ ಪೆನ್ನು ಕೆಳಗಿಟ್ಟಳು.

"ಹೆಣ್ಣಿಗೆ ಮೆಹರ್ ಅಂತ ಏನು ಕೊಟ್ರು?"

"ಎಲ್ಲಾ ಚೆನ್ನಾಗಿತ್ತು."

"ಏನು ಕೊಟ್ರು ಅಂತ ಕೇಳ್ದೆ."

"ಅಲ್ಲಾಹು ಒಳ್ಳೇದು ಮಾಡ್ಲಿ."

ಆಕೆ ನನ್ನ ಕಡೆ ತಿರುಗಿದಳು. "ಇವರು ಮದುವೆ ನೋಡಿದಾರೋ, ಇಲ್ಲ ಪಾಠ ಒಪ್ಪಿಸ್ತಿದಾರೋ? ಅದೂ ಅಲ್ದೆ ಒಬ್ಬರು ಕಮ್ಮಿ ಇದಾರೆ." ಕಡತ ಮುಚ್ಚಲು ಕೈಯಿಟ್ಟಳು. ಪಕ್ಕದಲ್ಲಿದ್ದ ತೂದ ನನ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ಜವಾನನನ್ನು ತಳ್ಳಿಕೊಂಡು, ಮೊಳಕಾಲುದ್ದ ಕೆಸರು ಮೆತ್ತಿಸಿಕೊಂಡು ಬಾಸ್ಸು ನುಗ್ಗಿದ.

"ನಾನೂ ಸಾಕ್ಷಿ! ಬರ್ಕೊಳ್ಳಿ!"

"ಈಕೆ ನಿಮಗೇನಾಗ್ಬೇಕು?"

"ತಮ್ಮನ ಹೆಂಡ್ತಿ. ಆದ್ರೆ ನಮಗೂ ಅವರಿಗೂ ಮಾತಿಲ್ಲ."

"ಮತ್ತೆ ಯಾಕೆ ಬಂದ್ರಿ?"

"ನಿನ್ನೆ ಸಂತೇಲಿ ಜನ ಆಡ್ಕೊಳ್ತಿದ್ರು, ಇವಳ ಮದುವೆ ನಡೆದೇ ಇಲ್ಲ ಅಂತ ಕೋರ್ಟು ಬರೆಯುತ್ತಂತೆ. ಅದ್ಹೆಂಗೆ ಬರೀತೀರಮ್ಮ? ಮದುವೆನೇ ನಡೀಲಿಲ್ಲ ಅಂದ್ರೆ ನನಗೆ ಅವಮಾನ ಆಗಿದ್ದೆಲ್ಲಿ? ಹದಿನಾಲ್ಕು ವರ್ಷ ನಾನು ಸುಮ್ಸುಮ್ನೆ ಮುನಿಸ್ಕೊಂಡಿದ್ನಾ?"

ಆಕೆ ನಗು ತಡೆದುಕೊಂಡು ಪೆನ್ನು ಎತ್ತಿಕೊಂಡಳು.

ಅಬ್ಬಾ, ಅವನ ನೆನಪೇ! ಬಾರ್ಲಿ ಕೊಯ್ಲು ಮುಗಿದ ಮೂರನೆಯ ದಿನವಂತೆ. ಕಡಿದ ಟಗರು ಎರಡು, ಒಂದಕ್ಕೆ ಕರಿ ಮೂತಿ. ಇಮಾಮರಿಗೆ ಹಲ್ಲುನೋವು, ಕೆನ್ನೆಗೆ ಬಟ್ಟೆ ಕಟ್ಟಿಕೊಂಡೇ ಫಾತಿಹಾ ಓದಿದರು. ಮೆಹರ್ ಒಂದು ಕೆಂಪು ಕಂಬಳಿ, ಒಂದು ಹಸು. "ಅದೂ ಕುಂಟು ಹಸು. ಆಮೇಲೆ ಹಳ್ಳ ದಾಟುವಾಗ ಇವಳ ಚಪ್ಪಲಿ ತೇಲಿ ಹೋಯ್ತು. ಝಾಯಿದ ತನ್ನದನ್ನ ಬಿಚ್ಚಿ ಇವಳಿಗೆ ಹಾಕ್ಸಿ, ಮನೆ ತನಕ ಬರಿಗಾಲಲ್ಲೇ ನಡೆದ, ಪೆದ್ದ."

ಆ ಚಪ್ಪಲಿಯನ್ನು ನಾನೇ ಮರೆತಿದ್ದೆ. ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತೆ.

"ಹಸು ಕುಂಟ್ತಿರ್ಲಿಲ್ಲ ಕಣೋ!" ಎಂದು ಹಿಂದಿನಿಂದ ಒಬ್ಬ ಕೂಗಿದ. "ಕುಂಟ್ತಿತ್ತು, ನಾನೇ ಹೊಡ್ಕೊಂಡು ಬಂದಿದ್ದು!" ಎಂದ ಇನ್ನೊಬ್ಬ. ಬಾಯಿಪಾಠವೆಲ್ಲ ಗಾಳಿಗೆ ಹೋಯಿತು. ಆಕೆ ಮೇಜು ಕುಟ್ಟಿ ಎಲ್ಲರನ್ನೂ ಸುಮ್ಮನಿರಿಸಿ, ಮೊದಲಿನಿಂದ ಒಬ್ಬೊಬ್ಬರನ್ನಾಗಿ ಕರೆದು ಕೇಳಿದಳು. ಸಂಜೆಯವರೆಗೂ ಬರೆದುಕೊಂಡಳು.

ತಿಂಗಳೊಳಗೆ ಪುಸ್ತಕ ಬಂತು. ಅಂದೇ ಕುರಿಯ ಭುಜವನ್ನು ಇಡಿಯಾಗಿ ಬೇಯಿಸಿ, ತೂದಳನ್ನು ಕರೆದುಕೊಂಡು ಹಳ್ಳ ದಾಟಿದೆ. ಬಾಸ್ಸು ತಟ್ಟೆಯನ್ನು ತುಂಬ ಹೊತ್ತು ನೋಡಿದ.

"ಹದಿನಾಲ್ಕು ವರ್ಷ ತಡ ಮಾಡಿದ್ರಿ" ಎಂದ.

"ಬಿಸಿಯಾಗೇ ಇದೆ ಬಾವ."

ಬಾಗಿಲು ಬಿಟ್ಟು ಸರಿದ. ನಾವು ಒಳಗೆ ಕುಳಿತ ಮೇಲೆ ಎಲ್ಲಕ್ಕಿಂತ ಒಳ್ಳೆಯ ತುಂಡನ್ನು ಕಿತ್ತು ನನ್ನ ಮಗಳ ಮುಂದಿಟ್ಟ.

"ತಿನ್ನು, ಝಾಯಿದನ ಮಗಳೇ."