ಒಂದೇ ಒತ್ತಿಗೆ ಹತ್ತು ದಳ

ಇಸಳೂರಿನ ನೀಲಾ ಹೆಗಡೆ, ಯಲ್ಲಾಪುರದ ತಸ್ಲೀಮ್ ಇಬ್ಬರೂ ಹುಬ್ಬಳ್ಳಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಎಂಜಿನಿಯರಿಂಗ್ ಓದಿದವರು. ೨೦೦೩ರಲ್ಲಿ ತಸ್ಲೀಮಳ ಅಣ್ಣನ ಲಾರಿ ಗ್ಯಾರೇಜಿನ ಹಿಂಬದಿಯಲ್ಲಿ ಮ್ಯಾಗ್ನೆಟ್ರಾನ್ ಮಾಡಲು ಹೊರಟರು. ಮೈಕ್ರೋವೇವ್ ಒಲೆಗೆ ಅಲೆಗಳನ್ನು ಹುಟ್ಟಿಸಿಕೊಡುವ ಕೊಳವೆ ಅದು. ಅದೇ ಅಲೆಗಳಿಂದ ಕಾಳುಮೆಣಸು ಒಣಗಿಸುವ ಯಂತ್ರ ಕಟ್ಟಿ ಊರಿನ ರೈತರಿಗೆ ಮಾರುವುದು ಅವರ ಆಸೆ; ಹೊರದೇಶದ ಕೊಳವೆ ಹಾಕಿದರೆ ಅದರ ಬೆಲೆ ಯಾರ ಕೈಗೂ ಎಟುಕುತ್ತಿರಲಿಲ್ಲ. ಅಗ್ಗದ್ದು ಬೇಕಿತ್ತು.

ತೊಡಕೆಲ್ಲ ಅದರ ಹೊಟ್ಟೆಯೊಳಗೆ. ತಾಮ್ರದ ಉಂಗುರದಲ್ಲಿ ಹತ್ತು ತೆಳು ದಳಗಳು ಕೂದಲೆಳೆಯಷ್ಟೂ ವಾಲದೆ ನಿಲ್ಲಬೇಕು. ಬೆಸೆಯುವಾಗ ಯಾವುದಾದರೊಂದು ಸೊಟ್ಟಗಾಗುತ್ತಿತ್ತು. ಕರೆಂಟು ಕೊಟ್ಟರೆ ಕೊಳವೆ ಮೂಕ. ಮೂಕ ಕೊಳವೆಗಳಿಂದಲೇ ಒಂದು ಬುಟ್ಟಿ ತುಂಬಿತು.

ಒಂದು ಮಧ್ಯಾಹ್ನ ನೀಲಾಳ ಅಡುಗೆಮನೆಯಲ್ಲಿ ಚಕ್ಕುಲಿ ಒತ್ತುತ್ತಿದ್ದ ತಸ್ಲೀಮ್ ಒರಳು ಬಿಟ್ಟು ಎದ್ದು ನಿಂತಳು.

"ಏ ನೀಲಾ! ದಳ ಬೆಸೆಯೋದು ಯಾಕೇ? ತಾಮ್ರಾನೇ ಹಿಂಗೆ ಅಚ್ಚಿಗೆ ಒತ್ತಿದ್ರೆ?"

"ತಾಮ್ರ ಎಂತ ಹಿಟ್ಟೇನೇ?"

"ಕೆಂಪಗೆ ಕಾಯಿಸಿ ಆರಿಸಿದ್ರೆ ಹಿಟ್ಟೇ!"

ಎಣ್ಣೆ ಇಳಿಸಿದವರೇ ಕೈತೊಳೆಯದೆ ಸ್ಕೂಟರ್ ಹತ್ತಿದರು. ದಾರಿಯುದ್ದಕ್ಕೂ ಹಿಂದಿನಿಂದ ತಸ್ಲೀಮ್ ನೀಲಾಳ ಬೆನ್ನ ಮೇಲೆ ಬೆರಳಿನಿಂದ ಅಚ್ಚಿನ ಚಿತ್ರ ಬರೆಯುತ್ತಿದ್ದಳು, ನೀಲಾ ಕಚಗುಳಿಗೆ ನಕ್ಕು ಗಾಡಿ ಓಲಾಡಿಸುತ್ತಿದ್ದಳು.

ಉಕ್ಕಿನ ಅಚ್ಚು ಕಡೆಯುವಷ್ಟರಲ್ಲಿ ಮಳೆಗಾಲ ಮುಗಿಯಿತು. ಲಾರಿಯ ಬುಷ್ ಬಳೆಗಳನ್ನು ಒತ್ತಿ ಕೂರಿಸುವ ಪ್ರೆಸ್ಸಿಗೆ ಅಚ್ಚು ಬಿಗಿದು, ಕಾಯಿಸಿ ಆರಿಸಿದ ತಾಮ್ರದ ಬಿಲ್ಲೆಯಿಟ್ಟು ಒತ್ತಿದರು. ಉಂಗುರವೂ ಹತ್ತು ದಳಗಳೂ ಒಂದೇ ತುಂಡಾಗಿ, ನೆಟ್ಟಗೆ ಹೊರಬಂದವು. ಅದನ್ನೇ ಒಳಗಿಟ್ಟು ಕೊಳವೆಯ ಗಾಳಿ ತೆಗೆದು ಮುಚ್ಚಿ, ಮೇಲೆ ಕೆಳಗೆ ಅಯಸ್ಕಾಂತ ಕೂರಿಸಿದರು.

ಮೆಣಸಿನ ಯಂತ್ರ ಬೇಕೆಂದಿದ್ದ ಬಿಳಗಿಯ ಗೋವಿಂದ ಭಟ್ಟರು ಪರೀಕ್ಷೆ ನೋಡಲು ಬಂದರು. ಬರಿಗೈಯಲ್ಲಿ ಬರಬಾರದೆಂದು ಹಲಸಿನ ಹಪ್ಪಳದ ಕಟ್ಟು ತಂದಿದ್ದರು. ನೀಲಾ ಒಂದು ಹಪ್ಪಳ ಎಳೆದು ಕೊಳವೆ ಜೋಡಿಸಿದ್ದ ಉಕ್ಕಿನ ಪೆಟ್ಟಿಗೆಯೊಳಗಿಟ್ಟು ಬಾಗಿಲು ಬಿಗಿದಳು. ತಸ್ಲೀಮ್ ಕಣ್ಣುಮುಚ್ಚಿ ಸ್ವಿಚ್ ಒತ್ತಿದಳು.

ಬಾಗಿಲ ಜಾಲರಿಯಾಚೆ ಹಪ್ಪಳ ಮುರುಟಿತು, ಮೈಮುರಿಯಿತು, ಮೇಲೆಲ್ಲ ಗುಳ್ಳೆಯೆದ್ದು ಅರಳಿತು.

"ಎಂತಾತೆ ತಂಗೀ! ಎಣ್ಣೆ ಇಲ್ಲೆ, ಬೆಂಕಿ ಇಲ್ಲೆ!" ಭಟ್ಟರ ಶಲ್ಯ ಜಾರಿ ನೆಲಕ್ಕೆ ಬಿತ್ತು.

"ಮಾತಾಡ್ತು ಗೋವಿಂದಣ್ಣಾ, ನಮ್ಮ ಕೊಳವೆ ಮಾತಾಡ್ತು!" ನೀಲಾ ತಸ್ಲೀಮಳನ್ನು ಅಪ್ಪಿ ಎತ್ತಿ ಗಿರಗಿರ ತಿರುಗಿಸಿದಳು. ಲಾರಿ ಕೆಳಗಿಂದ ಡ್ರೈವರುಗಳು ತೆವಳಿ ಬಂದು ಕಾರಣ ತಿಳಿಯದೆಯೇ ಚಪ್ಪಾಳೆ ತಟ್ಟಿದರು.

ಸ್ವಿಚ್ ಆರಿಸಿ ಪೆಟ್ಟಿಗೆ ತೆಗೆದದ್ದೇ ಭಟ್ಟರು ಹಪ್ಪಳ ಮುರಿದು ಬಾಯಿಗಿಟ್ಟರು. ಡ್ರೈವರುಗಳು ಅವರ ಮುಖದತ್ತ ಕತ್ತು ಚಾಚಿದರು.

"ಯಂಗೊಂದು ಯಂತ್ರ ಬೇಕೇ ಬೇಕು," ಎಂದರು, "ಮೆಣಸಿನ ಮಾತು ಆಮೇಲೆ. ಇನ್ನೊಂದು ಇಡು!"

ಕಟ್ಟು ಖಾಲಿಯಾಗುವವರೆಗೂ ಕೊಳವೆಗೆ ಬಿಡುವು ಕೊಡಲು ಯಾರಿಗೂ ಮನಸ್ಸು ಬರಲಿಲ್ಲ.