ಅರವತ್ತೆರಡಾದ ಮೇಲೆ ಅರವತ್ತೈದು

“ಒಂದು ಹಾಳಿ ಹೋದ್ರ ಏನ್ ಆಕಾಶ ಕಳಚಿ ಬೀಳತೈತೇನ್ರಿ ಅಕ್ಕಾರ? ತಗೊಂಡ್ ಹೋಗ್ರಿ!” ಎಂದ ಧಾರವಾಡದ ಝೆರಾಕ್ಸ್ ಅಂಗಡಿಯ ಗುರುಬಸಣ್ಣ, ನನ್ನ ಬೆನ್ನಿಗೆ ಸ್ಪೈರಲ್ ತಂತಿ ತೂರಿಸುತ್ತಾ. ನಾನು ಹುಟ್ಟಿದಾಗ ಕೇಳಿದ ಮೊದಲ ಮಾತು ಅದು. ಎಂಥ ಆಶೀರ್ವಾದ ನೋಡಿ! ಮೆಷಿನ್ನು ಒಂದು ಹಾಳೆ ನುಂಗಿತ್ತು. ಕೊಳ್ಳಲು ಬಂದ ಎಂಬಿಎ ಹುಡುಗಿ ರೋಹಿಣಿಗೆ ಬಸ್ಸಿನ ಅವಸರ. ಹೋದ ಹಾಳೆ ಯಾವುದೆಂದೂ ನೋಡದೆ ನನ್ನನ್ನು ಚೀಲಕ್ಕೆ ತುರುಕಿದಳು.

ನಾನು ಒಂದು ಕೇಸ್ ಪುಸ್ತಕ. ಪೊಲೀಸರ ಕೇಸಲ್ಲ. ದೊಡ್ಡ ಸಲಹಾ ಕಂಪನಿಗಳ ಸಂದರ್ಶನದಲ್ಲಿ ನೀನು ಏನು ಓದಿದ್ದೀ ಎಂದು ಕೇಳುವುದಿಲ್ಲವಂತೆ. ಸೊರಗಿದ ಒಂದು ವ್ಯಾಪಾರವನ್ನು ಮುಂದಿಟ್ಟು, ರೋಗ ಏನು, ಮದ್ದು ಏನು ಎಂದು ಕೇಳುತ್ತಾರಂತೆ. ಅಂಥ ನಲವತ್ತು ರೋಗಿಗಳು ನನ್ನ ಹೊಟ್ಟೆಯಲ್ಲಿದ್ದರು, ಉತ್ತರದ ಸಮೇತ.

ಅರವತ್ತೆರಡನೆಯ ಪುಟದಲ್ಲಿ ಒಂದು ಖಾನಾವಳಿ. ಗಿರಾಕಿಗಳು ಬಾಗಿಲಲ್ಲಿ ಸಾಲು ನಿಂತರೂ ಲಾಭ ಇಳಿಯುತ್ತಿದೆ, ಏಕೆ? ಹೋದ ಹಾಳೆಯ ಎರಡು ಬದಿಗಳಲ್ಲಿದ್ದ ಇದರ ಉತ್ತರವೂ ಮುಂದಿನ ಪ್ರಶ್ನೆಯೂ ಮೆಷಿನ್ನಿನ ಪಾಲಾಗಿದ್ದವು. ಅದರ ಬೆನ್ನಿಗೇ ಬಂದ ಅರವತ್ತೈದನೆಯ ಪುಟದಲ್ಲಿದ್ದದ್ದು ಯಾವುದೋ ಬಸ್ ಕಂಪನಿಯ ಉತ್ತರ: ಬೆಳಗಿನ ಟ್ರಿಪ್ ಕಡಿಮೆ ಮಾಡಿ, ಖಾಲಿ ಗಾಡಿಗಳನ್ನು ಮದುವೆಗೆ ಬಾಡಿಗೆ ಕೊಡಿ.

ಓದುವವರು ನಕ್ಕಾರು ಎಂದು ನಾನು ಕಾದೆ. ಯಾರೂ ನಗಲಿಲ್ಲ! ರೋಹಿಣಿ ಅದರ ಕೆಳಗೆ ಗೆರೆ ಎಳೆದಳು. ಅವಳಿಂದ ನನ್ನನ್ನು ಪಡೆದ ವಿಶ್ವನಾಥ ಹಳದಿ ಬಣ್ಣ ಬಳಿದು, ‘ಗಾಡಿ ಅಂದರೆ ಊಟದ ಟೇಬಲ್ ಎಂದು ತಿಳಿಯುವುದು’ ಎಂದು ವ್ಯಾಖ್ಯಾನ ಬರೆದ. ಅವನಿಗೆ ಅಂಥದೊಂದು ಸಲಹಾ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದೇ ತಡ, ನನ್ನಿಂದಲೇ ಸಿಕ್ಕಿತೆಂದು ಕಾಲೇಜೆಲ್ಲ ಸುದ್ದಿ. ನನ್ನ ಮೇಲಿಂದ ಮೂವತ್ತು ಪ್ರತಿ ತೆಗೆಸಿದರು. ಒಬ್ಬರಾದರೂ ಪುಟಸಂಖ್ಯೆ ನೋಡಬಾರದೆ? ಕಂಪನಿಗಳಿಗೆ ಬುದ್ಧಿ ಹೇಳಲು ಹೊರಟವರು ಇವರು!

ಈ ವರ್ಷ ಕಾಲೇಜಿನಿಂದ ಆ ಕಂಪನಿಯ ಸಂದರ್ಶನಕ್ಕೆ ಎರಡೇ ಹೆಸರು ಕಳಿಸಬೇಕಿತ್ತು. ಆರಿಸುವ ಕೆಲಸವನ್ನು, ಅಲ್ಲಿ ಗೆದ್ದು ಬಂದವನೆಂದು, ವಿಶ್ವನಾಥನಿಗೇ ಒಪ್ಪಿಸಿದ್ದರು. ಒಂದು ಮಧ್ಯಾಹ್ನ, ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ ನನ್ನನ್ನು ತೆರೆದಿಟ್ಟುಕೊಂಡು ಒಬ್ಬೊಬ್ಬರನ್ನೇ ಕರೆದ. ನಾಲ್ಕನೆಯವಳು ನೀಲಗಂಗಾ. ಅವಳ ತಾಯಿ ಗದಗಿನ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವವಳು. ಅವಳಿಗೆ ಖಾನಾವಳಿಯ ಪ್ರಶ್ನೆಯೇ ಬಂತು.

“ರೊಟ್ಟಿ ಬಡಿಯೋರು ಎಷ್ಟು ಮಂದಿ ಅದಾರ್ರಿ ಅಣ್ಣಾ?” ಎಂದು ಕೇಳಿದಳು.

“ಅದು ಪುಸ್ತಕದಾಗ ಇಲ್ಲ.”

“ಅದ ಮುಖ್ಯ ಐತ್ರಿ. ಹನ್ನೆರಡರಿಂದ ಎರಡರ ತನಕ ಬಿಸಿ ರೊಟ್ಟಿ ತಡಾ ಆತಂದ್ರ, ಕುಂತಾಂವ ಏಳಂಗಿಲ್ಲ, ನಿಂತಾಂವ ಕಾಯಂಗಿಲ್ಲ. ಆ ಎರಡು ತಾಸಿಗೆ ಇನ್ನೊಬ್ಬಾಕಿನ್ನ ಒಲಿ ಮುಂದ ಕುಂದರಸ್ರಿ. ಸಾಲು ಕರಗತೈತಿ, ಲಾಭ ಏರತೈತಿ.”

ನನ್ನ ಮೈಯಲ್ಲಿ ಅಂಥ ಉತ್ತರ ಒಂದೂ ಇರಲಿಲ್ಲ. ವಿಶ್ವನಾಥ ಮಾತ್ರ ತಲೆ ಕೊಡವಿದ.

“ಉತ್ತರದಾಗ ಸ್ಟ್ರಕ್ಚರ್ ಇಲ್ಲ ತಂಗಿ. ಬೆಳಗಿನ ಟ್ರಿಪ್ಪಿನ ಮಾತ ಬರಲಿಲ್ಲ. ಹೆಸರು ಹೆಂಗ ಬರೀಲಿ?”

“ಖಾನಾವಳಿಗೆ ಎಲ್ಲೀ ಟ್ರಿಪ್ಪ್‌ರೀ?” ಅವಳು ಎದ್ದು ನನ್ನನ್ನು ಅವನ ಕಡೆ ತಿರುಗಿಸಿದಳು. “ಅರವತ್ತೆರಡು ಆದಮ್ಯಾಲ ಅರವತ್ತೈದು. ಹಾಳಿನ ಇಲ್ಲ, ನೋಡ್ರಿಲ್ಲೆ. ಇದು ಬ್ಯಾರೆ ಪ್ರಶ್ನೆದ ಉತ್ತರ.”

ಅವನು ನೋಡಿದ. ಹಿಂದೆ ತಿರುವಿದ, ಮುಂದೆ ತಿರುವಿದ. ಕಿವಿ ಕೆಂಪಾದವು.

“ಇದನ್ನ ಬಾಯಿಪಾಠ ಮಾಡೇ ನಾ ಪಾಸಾಗೇನಿ,” ಎಂದ, ದನಿ ಇಳಿಸಿ.

“ನಿಮಗ ಅಲ್ಲಿ ಖಾನಾವಳಿದ ಕೇಳಿದ್ರೇನ್ರಿ?”

“ಇಲ್ಲ. ಟೂತ್‌ಪೇಸ್ಟಿಂದು.”

ನಗಬಹುದಿತ್ತು, ನಗಲಿಲ್ಲ ಹುಡುಗಿ. ಚೀಲ ಹೆಗಲಿಗೇರಿಸಿದಳು. “ಹೊರಗ ಇನ್ನೂ ಏಳು ಮಂದಿ ಅದ ಟ್ರಿಪ್ಪು ಬಾಯಿಪಾಠ ಮಾಡಾಕತ್ತಾರ. ಅವರಿಗೆ ಹೇಳ್ರಿ ಅಣ್ಣಾ.”

“ಹೇಳ್ತೀನಿ, ಹೇಳ್ತೀನಿ. ನೀ ಹೋಗು.”

ಬಾಗಿಲು ಮುಚ್ಚಿತು. ವಿಶ್ವನಾಥ ಪಟ್ಟಿಯ ಮೊದಲ ಸಾಲಿನಲ್ಲಿ ನೀಲಗಂಗಾ ಎಂದು ಬರೆದ. ಅಷ್ಟು ಮಾನ ಉಳಿಸಿಕೊಂಡ. ಆಮೇಲೆ ಕಿಟಕಿಯ ಕಡೆ ಒಮ್ಮೆ ನೋಡಿ, ತನ್ನ ವ್ಯಾಖ್ಯಾನವಿದ್ದ ಅರವತ್ತೈದನೆಯ ಹಾಳೆಯನ್ನು ಹಿಡಿದು ಎಳೆದ. ನನ್ನ ತಂತಿಯುದ್ದಕ್ಕೂ ಚರಚರನೆ ಹರಿಯಿತು. ಅದನ್ನು ನಾಲ್ಕು ಮಡಿಕೆ ಮಾಡಿ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡು, ಮುಂದಿನವನನ್ನು ಕರೆಯಲು ಗಂಟೆ ಒತ್ತಿದ.