ಸುಗಂಧಾಬಾಯಿಯ ವಾಲ್ವ್ ಮಶೀನು

ಉದಗೀರದ ಚೌಬಾರಾದ ಹತ್ತಿರ ಆಡತ ಅಂಗಡಿ ಇಟ್ಟುಕೊಂಡು ತೊಗರಿ, ಉದ್ದು, ಸೋಯಾಬೀನಿನ ವ್ಯಾಪಾರ ಮಾಡಿದ ಮನ್ಮಥಪ್ಪನಿಗೆ ಕಾಳಿಗಿಂತ ವೈರಿನ ಮೇಲೆ ಪ್ರೀತಿ ಜಾಸ್ತಿ ಎಂಬುದು ಪೇಟೆಗೆಲ್ಲ ಗೊತ್ತಿದ್ದ ಸಂಗತಿ. ರೈತರು ಚೀಲ ಇಳಿಸಿ ಎದುರಿಗೆ ಕೂತಿದ್ದರೂ ಈ ಮಹಾಶಯ ಯಾವುದೋ ಕೆಟ್ಟ ರೇಡಿಯೊದ ಹೊಟ್ಟೆ ಬಿಚ್ಚಿಕೊಂಡು ತಲೆ ಎತ್ತದೆ ಕೂಡುತ್ತಿದ್ದ. ಮಗ ರವಿಕಾಂತ ವಯಸ್ಸಿಗೆ ಬಂದು ಗಾದಿಯ ಮೇಲೆ ಕೂತದ್ದರಿಂದ ಅಂಗಡಿ ಉಳಿಯಿತು, ಇಲ್ಲದಿದ್ದರೆ ಅಲ್ಲಿ ಈಗ ರೇಡಿಯೊಗಳೇ ಇರುತ್ತಿದ್ದವು.

ಆದರೆ ಮನ್ಮಥಪ್ಪ ಅಟ್ಟ ಹತ್ತಿ ಹಳೆಯ ವಾಲ್ವ್ ಆಂಪ್ಲಿಫಾಯರನ್ನು ಕೆಳಗಿಳಿಸಿದ ದಿನ ಮನೆಯಲ್ಲಿ ಯಾರೂ ಚೇಷ್ಟೆ ಮಾಡಲಿಲ್ಲ. ಅದು ಯಾರ ಮಶೀನು ಎಂಬುದು ಎಲ್ಲರಿಗೂ ಗೊತ್ತಿತ್ತು.

ಮನ್ಮಥಪ್ಪನ ಹೆಂಡತಿ ಸುಗಂಧಾಬಾಯಿ ಮಠದ ಹೆಂಗಸರ ಭಜನೆಯ ಮುಖ್ಯ ದನಿ. ಶ್ರಾವಣ ಬಂದರೆ ನಿಲಂಗಾ, ಜಳಕೋಟ, ಶಿರೂರ ಅನಂತಪಾಳ ಅಂತ ಊರೂರಿಂದ ಸಪ್ತಾಹಕ್ಕೆ ಕರೆ ಬರುತ್ತಿತ್ತು. ಮೈಕಿನ ಮುಂದೆ ಆಕೆ, ಮಶೀನಿನ ಹಿಂದೆ ಗಂಡ. ಲೋಕದ ದೃಷ್ಟಿಯಲ್ಲಿ ಅವನು ಮಠಕ್ಕೆ ಸೇವೆ ಮಾಡುತ್ತಿದ್ದ. ನಿಜ ಹೇಳಬೇಕೆಂದರೆ ಹೆಂಡತಿಯ ದನಿಯನ್ನು ಬೇರೆಯವರ ಕೈಗೆ ಕೊಡುವ ಮನಸ್ಸು ಅವನಿಗಿರಲಿಲ್ಲ. ಆಕೆಯ ದನಿ ಎಲ್ಲಿ ಏರುತ್ತದೆ, ಎಲ್ಲಿ ಗುಂಡಿ ತುಸು ತಿರುಗಿಸಿ ತಗ್ಗಿಸಬೇಕು ಎಂಬುದು ಅವನ ಬೆರಳಿಗೆ ಗೊತ್ತಿತ್ತು. ಮುಂದೆ ಮಠಕ್ಕೆ ಹೊಸ ಮಿಕ್ಸರ್ ಬಂತು, ಹಳೆಯದನ್ನು ಅವನು ಮನೆಗೆ ಹೊತ್ತು ತಂದ.

ಹೋದ ಚೈತ್ರದಲ್ಲಿ ಸುಗಂಧಾಬಾಯಿ ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಲಕ್ವಾ ಹೊಡೆದಿತ್ತು. ಬಲಗಾಲು ಎಳೆದುಕೊಂಡು ನಡೆಯುವಷ್ಟು ಬಂತು, ಬಲಗೈ ಅರ್ಧ ಬಂತು, ಮಾತು ಮಾತ್ರ ಬರಲಿಲ್ಲ. ಇದ್ದಬದ್ದ ಮಾತೆಲ್ಲ ಹೋಗಿ ಬಾಯಲ್ಲಿ ಒಂದೇ ಒಂದು ಉಳಿಯಿತು: ‘ತಾ’. ನೀರು ಬೇಕಾದರೂ ತಾ, ಸೊಸೆಯನ್ನು ಕರೆಯುವುದಕ್ಕೂ ತಾ. ಕೇಳಿದ್ದೆಲ್ಲ ತಿಳಿಯುತ್ತಿತ್ತು, ಅದೇ ದೊಡ್ಡ ಸಂಕಟ. ಎದುರಿನವರು ತಪ್ಪು ಊಹೆ ಮಾಡಿದರೆ ಸಿಟ್ಟಿನಿಂದ ತಾಟು ಎಸೆಯುತ್ತಿದ್ದಳು. ಆಮೇಲೆ ತಾನೇ ಅಳುತ್ತಿದ್ದಳು.

ಲಾತೂರಿನ ಡಾಕ್ಟರು ಚಿತ್ರದ ಕಾರ್ಡು ಕೊಟ್ಟು, ದಿನಾ ಎದುರಿಗೆ ಕೂತು ಒಂದೊಂದೇ ಮಾತು ಹೇಳಿಸಿ, ಬಂದಷ್ಟು ಬರುತ್ತದೆ ಎಂದಿದ್ದರು. ಮನ್ಮಥಪ್ಪ ಆಕಳ ಚಿತ್ರ ಹಿಡಿದು “ಆಕಳ, ಅನ್ನು ಆಕಳ” ಅನ್ನುವನು. ಊರಿಗೆಲ್ಲ ಭಜನೆಯ ಪದ ಹೇಳಿಕೊಟ್ಟವಳು, ಇವನಿಗೇನು ಹುಚ್ಚು ಹಿಡಿದಿದೆಯೋ ಎಂಬಂತೆ ನೋಡುವಳು. ಆ ನೋಟ ಅವನಿಗೆ ತಡೆಯಲಾಗಲಿಲ್ಲ. ಕಾರ್ಡುಗಳು ಕಪಾಟು ಸೇರಿದವು, ಆಂಪ್ಲಿಫಾಯರು ಪಡಸಾಲೆಗೆ ಬಂತು.

“ಮಾಮಾ, ಡಾಕ್ಟರ್ ಹೇಳಿದ್ದು ಬಿಟ್ಟು ಇದೇನ್ ಹಚ್ಚೀರಿ?” ಅಂದಳು ಸೊಸೆ ಮಯೂರಿ.

“ಆಕಿ ದನಿ ಎಲ್ಲಿ ಹೋಗ್ಯದ ತಂಗಿ? ಒಳಗs ಅದ. ದಾರ್‍ಯಾಗ ಎಲ್ಲೋ ಸಿಕ್ಕೊಂಡದ, ಅಷ್ಟ. ಇಷ್ಟು ವರ್ಷ ತನ್ನ ದನಿ ಈ ಮಶೀನಿನಾಗಿಂದ ಕೇಳ್ಯಾಳ. ಒಂದ್ಸಲ ಇದರಾಗಿಂದ ಹೊರಗ ಬರಲಿ, ನೋಡು, ಮಾತ ತಾನs ಹಿಂದ ಬರ್ತದ.”

ಕೆಟ್ಟ ಮಶೀನುಗಳ ಜೊತೆಗೇ ಆಯುಷ್ಯ ಕಳೆದವನ ಲೆಕ್ಕ ಇದು. ದನಿ ಬರದಿದ್ದರೆ ಎಲ್ಲೋ ಒಂದು ಕಡೆ ಕೆಟ್ಟಿರಬೇಕು, ಕೆಟ್ಟದ್ದು ಸಿಗಬೇಕು, ಸಿಕ್ಕರೆ ಸರಿಯಾಗಬೇಕು. ಮಯೂರಿ ಮಶೀನಿನ ಕೆಳಗೆ ಹಳೇ ಚಾದರ ಹಾಸಿಕೊಟ್ಟಳು. ಮಾವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು, ಅದನ್ನು ಕೆಡಿಸುವುದು ಯಾಕೆ?

ಮುಚ್ಚಳ ಬಿಚ್ಚಿದರೆ ಒಳಗೆ ಇಲಿಗಳ ಸಂಸಾರ. ವೈರು ಕಡಿದು ಹಾಕಿದ್ದವು, ಹಳೇ ಕಂಡೆನ್ಸರುಗಳಿಂದ ಮೇಣ ಇಳಿದಿತ್ತು. ಮನ್ಮಥಪ್ಪ ದಿನಕ್ಕಿಷ್ಟು ಅಂತ ಬೆಸುಗೆ ಬಿಚ್ಚಿ, ಹೊಸ ವೈರು ಎಳೆದ, ಹೊಸ ಕಂಡೆನ್ಸರು ಕೂಡಿಸಿದ. ಮಂಚದ ಮೇಲೆ ಸುಗಂಧಾಬಾಯಿ ಗೋಡೆಗೆ ಒರಗಿ ನೋಡುತ್ತಾ ಕೂಡುತ್ತಿದ್ದಳು. ಬೆಸುಗೆಯ ಹೊಗೆಗೆ ಮೊದಲೆಲ್ಲ ಬೈಯುತ್ತಿದ್ದವಳು ಈಗ ಸುಮ್ಮನೆ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮನ್ಮಥಪ್ಪನ ಜೀವ ಚುರುಕ್ ಅನ್ನುತ್ತಿತ್ತು.

ಅಷ್ಟು ಕಾಲ ಮಲಗಿದ್ದ ಮಶೀನಿಗೆ ಒಮ್ಮೆಲೇ ಕರೆಂಟು ಕೊಟ್ಟರೆ ಸುಟ್ಟುಹೋಗುತ್ತದೆ. ನಡುವೆ ಒಂದು ಗುಂಡು ಬಲ್ಬು ಕಟ್ಟಿ ಕೊಡಬೇಕು. ಬಲ್ಬು ಒಮ್ಮೆ ಹೊತ್ತಿ ಮಂಕಾದರೆ ಒಳಗೆಲ್ಲ ಕ್ಷೇಮ, ಭರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಮನ್ಮಥಪ್ಪ ದೇವರ ಕೋಣೆಯಿಂದ ವಿಭೂತಿ ತಂದು ಪೆಟ್ಟಿಗೆಗೆ ಹಚ್ಚಿ, ಕೈಮುಗಿದು ಸ್ವಿಚ್ ಒತ್ತಿದ. ಬಲ್ಬು ದೀಪಾವಳಿ ಮಾಡಿತು. ತಪ್ಪು ಹುಡುಕಿ ತೆಗೆದರೆ ಒಂದು ವಾಲ್ವು ಒಳಗೇ ಶಾರ್ಟ್ ಆಗಿ ಸತ್ತಿರುವುದು ತಿಳಿಯಿತು. ಅದು ಉದಗೀರದಲ್ಲಿ ಸಿಗಲಿಲ್ಲ, ಲಾತೂರಿನ ಅಂಗಡಿಯವರು ವಾಲ್ವು ಅಂದರೆ ನಳದ್ದೋ ಎಂದು ಕೇಳಿದರು. ಕೊನೆಗೆ ರವಿಕಾಂತನೇ ಉಮರ್ಗಾದ ಹೈವೇ ಪಕ್ಕದ ಗುಜರಿ ಅಂಗಡಿಯಲ್ಲಿ ಒಂದು ಒಡೆದ ಮಶೀನು ಕಂಡು, ಅದರಿಂದ ವಾಲ್ವು ಕಿತ್ತು, ತನ್ನ ಟಾವೆಲಿನಲ್ಲಿ ಸುತ್ತಿಕೊಂಡು ತಂದ.

“ಅಪ್ಪಾ, ಇದರಿಂದ ಅವ್ವಗ ಮಾತ ಬರಲಿಲ್ಲಂದ್ರ ನೀವು ಎದಿ ಒಡಕೋಬಾರದು ಮತ್ತ.”

“ಬರ್ತದ. ನೀ ಸುಮ್ನಿರು.”

ಅಮಾವಾಸ್ಯೆಯೆಂದು ಪೇಟೆ ಬಂದ್ ಇತ್ತು, ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಬಲ್ಬು ಒಮ್ಮೆ ಹೊತ್ತಿ ಮಂಕಾಯಿತು. ವಾಲ್ವುಗಳು ಒಂದೊಂದಾಗಿ ಕೆಂಪೇರಿದವು. ಗೋಡೆಯ ಗೂಡಿನಲ್ಲಿಟ್ಟ ತಗಡಿನ ಸ್ಪೀಕರು, ಆ ಭೋಂಗಾ, ಸಣ್ಣಗೆ ಗುಂಯ್‌ಗುಟ್ಟಿತು. ಮನ್ಮಥಪ್ಪ ಅರ್ಥಿಂಗ್ ವೈರು ಸರಿಸಿ ಬಿಗಿದ, ಗುಂಯ್ ನಿಂತಿತು. ಬಲ್ಬು ತೆಗೆದು ನೇರ ಕರೆಂಟು ಕೊಟ್ಟ. “ಹಲೋ, ಹಲೋ” ಅಂದ. ಓಣಿಯೆಲ್ಲ ಅವನ ದನಿ ತುಂಬಿತು.

ಮೈಕನ್ನು ಹೆಂಡತಿಯ ಬಾಯಿಯ ಹತ್ತಿರ ತಂದ. “ಮಾತಾಡು. ಏನರೆ ಅನ್ನು. ಇವತ್ತ ನನ್ನ ಹೆಸರ ಹಿಡಿದ್ರೂ ನಡೀತದ.”

ಸುಗಂಧಾಬಾಯಿ ಬಾಯಿ ತೆರೆದಳು. “ತಾ.”

ಭೋಂಗಾ ಆ ‘ತಾ’ವನ್ನು ಹತ್ತು ಪಟ್ಟು ದೊಡ್ಡದು ಮಾಡಿ ಓಣಿಗೆ ಹೇಳಿತು. ಎದುರುಮನೆಯ ಕಸ್ತೂರಬಾಯಿ ಮಾಳಿಗೆಯಿಂದ ಬಗ್ಗಿ ನೋಡಿದಳು. ಸುಗಂಧಾಬಾಯಿಯ ಮುಖ ಬಾಡಿತು. ಮನೆಯೊಳಗೆ ಮುಚ್ಚಿಟ್ಟಿದ್ದನ್ನು ಇವನು ಮಂದಿಗೆ ಸಾರಿದ ಹಾಗಾಗಿತ್ತು.

ಮನ್ಮಥಪ್ಪನಿಗೆ ನಾಚಿಕೆಯಿಂದ ನೆಲದೊಳಗೆ ಹೋಗುವಂತಾಯಿತು. ಏನು ಮಾಡುವುದೆಂದು ತಿಳಿಯದೆ ಮೈಕು ಕಸಿದುಕೊಂಡು, ಆ ಸದ್ದನ್ನು ಮುಚ್ಚುವುದಕ್ಕೆಂದೇ, ತಾನೇ ಹಾಡತೊಡಗಿದ. ಭಜನೆಯ ಹೆಂಗಸರು ತಾವೇ ಕಟ್ಟಿಕೊಂಡ ಪದ ಅದು, ಮನೆಗೆ ತಡವಾಗಿ ಬಂದ ಶಿವನನ್ನು ಪಾರ್ವತಿ ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುವ ಪದ. ಮನ್ಮಥಪ್ಪನ ಗಂಟಲಿಗೆ ತಾಳವೂ ಇಲ್ಲ, ರಾಗವೂ ಇಲ್ಲ. ಎರಡನೇ ಸಾಲಿಗೆ ಪಾರ್ವತಿಯನ್ನು ಯಾವ ಘಟ್ಟಕ್ಕೋ ಹತ್ತಿಸಿಬಿಟ್ಟ.

ಸುಗಂಧಾಬಾಯಿ ಹುಬ್ಬು ಗಂಟಿಕ್ಕಿದಳು. ಎಡಗೈ ಚಾಚಿ ಮೈಕು ಎಳೆದುಕೊಂಡಳು. ಹಾಡಿದಳು.

ದನಿ ತುಸು ಒಡೆದಿತ್ತು, ಅಷ್ಟೆ. ಮಾತುಗಳು ಒಂದೊಂದೂ ಕಾಳು ಬಿಡಿಸಿಟ್ಟ ಹಾಗೆ ಬಂದವು. ಎಲ್ಲಿ ಹೋಗಿದ್ದೆ, ಯಾರ ಮನೆಯ ಬೂದಿ ಬಳಿದುಕೊಂಡು ಬಂದೆ, ಜಡೆಯಲ್ಲಿ ಅಡಗಿ ಕೂತವಳು ಯಾರು, ಎಲ್ಲ ಬಂತು. ಗಂಡನ ಕಣ್ಣಲ್ಲಿ ಕಣ್ಣಿಟ್ಟು ಪಾರ್ವತಿಯ ಬೈಗುಳವನ್ನೆಲ್ಲ ಆಕೆ ಬೈದಳು, ಮನ್ಮಥಪ್ಪ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಅಷ್ಟನ್ನೂ ಬೈಸಿಕೊಂಡ. ಕೆನ್ನೆಯ ಮೇಲೆ ನೀರಿಳಿಯುತ್ತಿದ್ದುದು ಅವನಿಗೆ ಗೊತ್ತೇ ಆಗಲಿಲ್ಲ. ಮಯೂರಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಹೊಸ್ತಿಲಲ್ಲಿ ನಿಂತಳು.

“ಅತ್ತಿಯವರಿಗೆ ಮಾತ ಬಂತು! ಮಾತ ಬಂತರೀ!” ರವಿಕಾಂತನ ತೋಳು ಹಿಡಿದು ಅಲ್ಲಾಡಿಸಿದಳು.

ಪದ ಮುಗಿಯಿತು. ಮನ್ಮಥಪ್ಪ ಮಂಚದ ಕೆಳಗೆ ಮೊಣಕಾಲೂರಿ ಕೂತ. “ಸುಗಂಧಾ, ಏನ್ ಬೇಕು ನಿನಗ? ಬಾಯಿ ಬಿಟ್ಟು ಹೇಳು. ಚಹಾ ಬೇಕಾ? ನೀರ ಬೇಕಾ?”

ಆಕೆ ನಗುತ್ತಾ ಹೇಳಹೋದಳು. ತುಟಿ ಕೂಡಿದವು, ಬಿಚ್ಚಿದವು. “ತಾ.”

ಮತ್ತೆ ಪ್ರಯತ್ನಿಸಿದಳು. “ತಾ. ತಾ.”

“ಅವಸರ ಬ್ಯಾಡ, ಸಾವಕಾಶ ಅನ್ನು. ನೀರ. ನೀ...ರ.”

“ತಾ.”

ಸುಗಂಧಾಬಾಯಿ ಗಾಬರಿಯಿಂದ ಪದವನ್ನು ಮತ್ತೆ ಮೊದಲಿಂದ ಎತ್ತಿದಳು. ಒಂದಕ್ಷರ ತಪ್ಪದೆ ಬಂತು. ಶಿವನ ಜಡೆಯ ಗಂಗೆಯ ತನಕ ಬಂದು, ನಡುವೆ ತಟ್ಟನೆ ನಿಲ್ಲಿಸಿ, ಆ ಓಟದಲ್ಲೇ ನೀರು ಅಂದುಬಿಡಲು ನೋಡಿದಳು. ಭೋಂಗಾ ‘ತಾ’ ಅಂದಿತು. ಹಾಡಿನ ಮಾತುಗಳು ಹಾಡಿಗಷ್ಟೇ ಉಳಿದಿದ್ದವು, ಅವುಗಳಲ್ಲಿ ಒಂದನ್ನೂ ಆಕೆ ತನ್ನ ಬಾಯಾರಿಕೆಗೆ ತೆಗೆದುಕೊಳ್ಳುವಂತಿರಲಿಲ್ಲ. ಮಯೂರಿ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ರವಿಕಾಂತ ಗೂಡಿನ ಕಡೆ ನೋಡುತ್ತಾ ನಿಂತ.

ಸುಗಂಧಾಬಾಯಿ ಅಳಲಿಲ್ಲ. ಮಶೀನನ್ನು ನೋಡಿದಳು, ಗಂಡನನ್ನು ನೋಡಿದಳು. ಇಷ್ಟು ದಿನ ಮಂಚದ ಮೇಲೆ ಕೂತು ಅವನ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳಲ್ಲ. ಇವನು ಮಾಡಿದ ರಿಪೇರಿಗೆ ಪದ ಹೊರಗೆ ಬಂದಿದೆ, ಇನ್ನಷ್ಟು ಮಾಡಿದರೆ ಮಾತೂ ಬರಬೇಕು, ಇದು ಈಗ ಆಕೆಯ ಲೆಕ್ಕ. ಹಾಸಿಗೆಯ ಮೇಲೆ ಬಿದ್ದಿದ್ದ ಸ್ಕ್ರೂಡ್ರೈವರನ್ನು ಎಡಗೈಯಿಂದ ಎತ್ತಿ ಅವನ ಅಂಗೈಯಲ್ಲಿ ಇಟ್ಟಳು. ಬೆರಳುಗಳನ್ನು ತಾನೇ ಮಡಿಚಿದಳು. ಮಶೀನಿನ ಕಡೆ ಗದ್ದ ಎತ್ತಿ, ಮೊದಲು ಮನೆಗೆಲಸ ಹೇಳುತ್ತಿದ್ದ ದರ್ಪದಲ್ಲೇ ಅಂದಳು, “ತಾ.”

ಮಶೀನಿನೊಳಗೆ ಕೆಟ್ಟದ್ದು ಈಗ ಏನೂ ಇರಲಿಲ್ಲ. ಪ್ರತಿ ಬೆಸುಗೆಯನ್ನೂ ಅವನು ತಡವಿ ನೋಡಿದ್ದ. ಇದನ್ನು ಆಕೆಗೆ ಯಾವ ಬಾಯಿಂದ ಹೇಳಬೇಕು?

“ಆಯ್ತು, ನೋಡ್ತೀನಿ,” ಅಂದ ಕಡೆಗೆ. ಪ್ಲಗ್ಗು ಕಿತ್ತ. ಮುಚ್ಚಳ ಬಿಚ್ಚಿದ. ಸರಿಯಾಗಿ ಕೂತಿದ್ದ ಒಂದು ಸ್ಕ್ರೂವನ್ನು ಸಡಿಲಿಸಿ, ಮತ್ತೆ ಬಿಗಿದ. ಇನ್ನೊಂದನ್ನು ಸಡಿಲಿಸಿದ. ಸುಗಂಧಾಬಾಯಿ ಮಂಚದ ಅಂಚಿಗೆ ಸರಿದು, ಮೈಕನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು, ಅವನ ಕೆಲಸ ಮುಗಿಯುವುದನ್ನು ಕಾಯುತ್ತಾ ಕೂತಳು.